ನೂರು ಬಂದ ದಾರಿ

(ಇಬ್ಬರು ಮಾತಾಡುತ್ತಿದ್ದಾರೆ. ಒಬ್ಬರು ರಾಣೆಬೆನ್ನೂರು ಸೀಮೆಯ ಹೈಸ್ಕೂಲಿನಲ್ಲಿ ಪಾಠ ಹೇಳಿ ನಿವೃತ್ತರಾದ ಮಾಸ್ತರು. ಇನ್ನೊಬ್ಬಳು ಅವರ ಕೈಯಲ್ಲಿ ಓದಿದವಳು. ಈಗ ಬೆಂಗಳೂರಿನ ಕಂಪನಿಯೊಂದರ ಸಿಎಸ್‌ಆರ್, ಅಂದರೆ ಸಾಮಾಜಿಕ ಹೊಣೆಗಾರಿಕೆಯ ವಿಭಾಗದಲ್ಲಿ ಇದ್ದಾಳೆ.)

ಮಾಸ್ತರು: ನಿನ್ನ ಕೆಲಸ ಏನು ಅಂತ ಊರಿನವರು ಕೇಳಿದರೆ ಏನಂತ ಹೇಳ್ತೀಯವ್ವ?

ಶಿಷ್ಯೆ: ಕಂಪನಿಗೆ ಬಂದ ಲಾಭದಲ್ಲಿ ನೂರಕ್ಕೆ ಎರಡು ರೂಪಾಯಿ ಜನರಿಗೆ ಸರಿಯಾಗಿ ಮುಟ್ಟೋ ಹಾಗೆ ನೋಡಿಕೊಳ್ಳೋದು ಅಂತೀನಿ ಸರ್. 2013ರ ಕಂಪನಿ ಕಾಯ್ದೆಯ 135ನೇ ಕಲಂ ಅದು. 2014ರ ಏಪ್ರಿಲ್ 1ರಿಂದ ಜಾರಿಗೆ ಬಂತು. ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1,000 ಕೋಟಿ, ನಿವ್ವಳ ಲಾಭ 5 ಕೋಟಿ, ಈ ಮೂರರಲ್ಲಿ ಯಾವುದಾದರೂ ಒಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು ಅನ್ನೋದು ಅದರ ಸಾರ. ಮೊದಲ ವರ್ಷ ದೇಶದ ಕಂಪನಿಗಳೆಲ್ಲ ಸೇರಿ ಮಾಡಿದ ಖರ್ಚು 10,000 ಕೋಟಿ ಆಸುಪಾಸು. ಈಗ ವರ್ಷಕ್ಕೆ 25,000 ಕೋಟಿ ದಾಟಿದೆ. ಸಣ್ಣ ಮಾತಲ್ಲ.

ಮಾಸ್ತರು: ಸಣ್ಣ ಮಾತು ಅಂತ ನಾನೂ ಅನ್ನೋದಿಲ್ಲ. ನಮ್ಮ ಕಡೆ ಎಷ್ಟೋ ಶಾಲೆಗಳಲ್ಲಿ ಹೆಣ್ಣುಮಕ್ಕಳಿಗೆ ಶೌಚಾಲಯ ಇರಲಿಲ್ಲ. ಏಳನೇ ಕ್ಲಾಸು ದಾಟಿದ ಹುಡುಗಿಯರು ತಿಂಗಳಿಗೆ ನಾಲ್ಕೈದು ದಿನ ಮನೆಯಲ್ಲೇ ಉಳೀತಿದ್ದರು. ಹಾಜರಿ ಪುಸ್ತಕದಲ್ಲಿ ಗೈರು ಅಂತ ಬರೀತಿದ್ದೆವು, ಅಷ್ಟೆ. ಆಮೇಲೆ ಬಂದ ಶೌಚಾಲಯಗಳಲ್ಲಿ ಕಂಪನಿ ದುಡ್ಡಿನವೂ ಬೇಕಾದಷ್ಟಿವೆ. ಅದನ್ನ ಅಲ್ಲಗಳೆದರೆ ಸುಳ್ಳು ಹೇಳಿದ ಹಾಗೆ. ನನ್ನ ತಕರಾರು ಆ ಎರಡು ರೂಪಾಯಿ ಮೇಲಲ್ಲ. ಆ ನೂರು ರೂಪಾಯಿ ಬಂತಲ್ಲ, ಅದು ಯಾವ ದಾರಿಯಲ್ಲಿ ಬಂತು ಅನ್ನೋದು.

ಶಿಷ್ಯೆ: ಅದು ನಮ್ಮ ವಿಭಾಗಕ್ಕೆ ಬರೋದಿಲ್ಲ ಸರ್. ಕಂಪನಿ ತನ್ನ ಮಾಮೂಲಿ ವ್ಯವಹಾರದಲ್ಲಿ ಮಾಡಿದ್ದನ್ನ ಸಿಎಸ್‌ಆರ್ ಅಂತ ತೋರಿಸೋ ಹಾಗಿಲ್ಲ ಅಂತ ನಿಯಮದಲ್ಲೇ ಇದೆ. ಬರೀ ನೌಕರರಿಗೆ ಅನುಕೂಲ ಆಗೋ ಖರ್ಚೂ ಲೆಕ್ಕಕ್ಕಿಲ್ಲ, ರಾಜಕೀಯ ಪಕ್ಷಕ್ಕೆ ಕೊಟ್ಟಿದ್ದೂ ಇಲ್ಲ.

ಮಾಸ್ತರು: ಅಂದರೆ ಕಾರ್ಖಾನೆ ಗೇಟಿನ ಒಳಗೆ ನಡೆಯೋದು ನಿನ್ನ ಲೆಕ್ಕದ ಹೊರಗೆ.

ಶಿಷ್ಯೆ: ಹೊರಗೇ ಇರಬೇಕು! ನೀವೇ ಯೋಚನೆ ಮಾಡಿ. ಕಾರ್ಖಾನೆಯ ಹೊಲಸು ನೀರು ಸಂಸ್ಕರಿಸೋ ಇಟಿಪಿ ಕಟ್ಟಿಸಿ, ಇದು ನಮ್ಮ ಸಮಾಜಸೇವೆ ಅಂತ ಆ ಎರಡು ರೂಪಾಯಿಯ ಖಾತೆಗೆ ಬರೆದುಕೊಂಡರೆ ಹೇಗಿರ್ತದೆ? ತಾನು ಮಾಡಿದ ಹೊಲಸನ್ನ ತಾನು ತೊಳೆಯೋದು ಸೇವೆ ಅಲ್ಲ, ಕರ್ತವ್ಯ. 1974ರ ಜಲ ಮಾಲಿನ್ಯ ಕಾಯ್ದೆ ಬಂದಾಗಿನಿಂದ ಅದು ಕಾನೂನು. ಆ ಬೇಲಿಯನ್ನ ತೆಗೆದರೆ ಎರಡೂ ಕೆಡ್ತವೆ.

ಮಾಸ್ತರು: ಒಪ್ಪಿದೆ, ಬೇಲಿ ಇರಲಿ. ಆದರೆ ಬೋರ್ಡು ನಿಲ್ಲಿಸೋದು ಯಾವುದಕ್ಕೆ? ಬೇಲಿ ಹೊರಗಿನ ಎರಡು ರೂಪಾಯಿಗೆ. ಶಾಸಕರು ಬಂದು ಟೇಪು ಕತ್ತರಿಸೋದು, ಪೇಪರಿನಲ್ಲಿ ಫೋಟೋ ಬರೋದು, ಪ್ರಶಸ್ತಿ ಕೊಡೋದು ಎಲ್ಲ ಅದಕ್ಕೇ. ಹಾಗಾಗಿ ಜವಾಬ್ದಾರಿ ಇರೋ ಕಂಪನಿ ಅಂದರೆ ಶಾಲೆಗೆ ಬೆಂಚು ಕೊಟ್ಟ ಕಂಪನಿ ಅಂತ ಜನರ ತಲೆಯಲ್ಲಿ ಕೂತುಬಿಟ್ಟಿದೆ. ಇಟಿಪಿಯನ್ನ ರಾತ್ರಿ ಹೊತ್ತೂ ಬಂದ್ ಮಾಡದೆ ನಡೆಸಿದ ಕಾರ್ಖಾನೆಗೆ ಯಾರೂ ಹಾರ ಹಾಕಿದ್ದನ್ನ ನಾನು ಕಂಡಿಲ್ಲ. ಹಾಕಬೇಕಾಗಿದ್ದು ಅವರಿಗೆ.

ಶಿಷ್ಯೆ: ನಿಮಗೆ ಇದು ಇಷ್ಟು ತಾಗೋದಕ್ಕೆ ಕುಸನೂರಿನ ಕಥೆಯೂ ಕಾರಣ ಇರಬೇಕು. ಕ್ಲಾಸಿನಲ್ಲಿ ಒಮ್ಮೆ ಹೇಳಿದ್ರಿ. ಆಗ ನಮಗೆ ಅಷ್ಟಾಗಿ ತಿಳಿದಿರಲಿಲ್ಲ.

ಮಾಸ್ತರು: ಈಗ ತಿಳೀತದೆ, ಕೇಳು. 1984ರ ನವೆಂಬರ್ 14. ಕರ್ನಾಟಕ ಸರ್ಕಾರವೂ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯೂ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಅಂತ ಒಂದು ಕಂಪನಿ ಕಟ್ಟಿದವು. ಸರ್ಕಾರದ ಪಾಲು ಶೇ 51, ಕಾರ್ಖಾನೆಯದ್ದು 49. ರೇಯಾನ್ ನೂಲಿಗೆ ಮರದ ತಿರುಳು ಬೇಕು. ತಿರುಳಿಗೆ ನೀಲಗಿರಿ ಬೇಕು. ಅದಕ್ಕೆ ಧಾರವಾಡ, ಶಿವಮೊಗ್ಗ, ಚಿಕ್ಕಮಗಳೂರು ಮೊದಲಾದ ಜಿಲ್ಲೆಗಳಲ್ಲಿ ಸುಮಾರು 75,000 ಎಕರೆ ಕೊಡೋದು ಅಂತಾಯ್ತು. ಹಾವೇರಿ ಆಗ ಬೇರೆ ಜಿಲ್ಲೆ ಆಗಿರಲಿಲ್ಲ, ನಾವೆಲ್ಲ ಧಾರವಾಡದವರೇ. ಕಾಗದದ ಪ್ರಕಾರ ಅದು ಸಿ ಮತ್ತು ಡಿ ದರ್ಜೆಯ ಜಮೀನು, ಅಂದರೆ ಹಾಳುಬಿದ್ದ ಜಾಗ. ಹಾಳುಬಿದ್ದದ್ದು ಕಾಗದದಲ್ಲಿ ಮಾತ್ರ. ಊರ ದನ ಮೇಯ್ತಿದ್ದದ್ದು ಅಲ್ಲಿ. ಹೆಣ್ಣುಮಕ್ಕಳು ಉರುವಲು ತರ್ತಿದ್ದದ್ದು ಅಲ್ಲಿಂದ. ನೇಗಿಲಿಗೆ, ಮನೆ ಜಂತಿಗೆ ಕಟ್ಟಿಗೆ, ತಿಪ್ಪೆಗೆ ಸೊಪ್ಪು, ಎಲ್ಲ ಅಲ್ಲಿಂದಲೇ. ನೀಲಗಿರಿ ಸೊಪ್ಪನ್ನ ದನ ಮೂಸಿಯೂ ನೋಡೋದಿಲ್ಲ.

ಶಿಷ್ಯೆ: ಕಾರಂತರೂ ಕೋರ್ಟಿಗೆ ಹೋಗಿದ್ದರಲ್ಲ?

ಮಾಸ್ತರು: ಶಿವರಾಮ ಕಾರಂತರೇ ಮೊದಲ ಅರ್ಜಿದಾರರು. ಅವರ ಜೊತೆಗೆ ಧಾರವಾಡದ ಸಮಾಜ ಪರಿವರ್ತನ ಸಮುದಾಯ, ಎಸ್.ಆರ್. ಹಿರೇಮಠರು. 1987ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು ತಡೆಯಾಜ್ಞೆ ಕೊಟ್ಟಿತು. ಆದರೂ ಅಷ್ಟರೊಳಗೆ ಕಂಪನಿಯ ಕೈಗೆ ಹೋಗಿದ್ದ ಜಾಗಗಳಲ್ಲಿ ನೀಲಗಿರಿ ನಿಂತೇ ಇತ್ತು. ಅದೇ ವರ್ಷ ನವೆಂಬರ್ 14ಕ್ಕೆ, ಕಂಪನಿ ಹುಟ್ಟಿದ ತಾರೀಕಿಗೇ, ಹಾನಗಲ್ಲ ತಾಲ್ಲೂಕಿನ ಕುಸನೂರಿನಲ್ಲಿ ಜನ ಸೇರಿದರು. ನೀಲಗಿರಿ ಸಸಿ ಕಿತ್ತರು, ಅದೇ ಜಾಗದಲ್ಲಿ ಊರಿಗೆ ಉಪಯೋಗಕ್ಕೆ ಬರೋ ಸಸಿ ಹಚ್ಚಿದರು. ಕಿತ್ತಿಕೋ ಹಚ್ಚಿಕೋ ಸತ್ಯಾಗ್ರಹ ಅಂತ ಹೆಸರಾಯ್ತು. ಕಿತ್ತು ಸುಮ್ಮನಾಗಲಿಲ್ಲ ನೋಡು, ಹಚ್ಚಿದರು. 1991ರಲ್ಲಿ ಆ ಕಂಪನಿಯನ್ನೇ ಮುಚ್ಚಿದರು.

ಶಿಷ್ಯೆ: ಇವತ್ತಿನ ದಿನ ಆಗಿದ್ದಿದ್ದರೆ ಆ 75,000 ಎಕರೆ ಸುಸ್ಥಿರತಾ ವರದಿಯ ಮೊದಲ ಪುಟಕ್ಕೆ ಬರ್ತಿತ್ತು. ಇಷ್ಟು ಕೋಟಿ ಗಿಡ ಬೆಳೆಸಿದ್ದೇವೆ, ಇಷ್ಟು ಟನ್ ಇಂಗಾಲ ಹಿಡಿದಿಟ್ಟಿದ್ದೇವೆ, ಬಂಜರನ್ನ ಹಸಿರು ಮಾಡಿದ್ದೇವೆ ಅಂತ. ಅಂಥ ಪುಟಗಳನ್ನ ನಾನು ವರ್ಷ ವರ್ಷ ಓದ್ತೀನಿ ಸರ್. ಅಂಕಿಯಲ್ಲಿ ಸುಳ್ಳು ಇರೋದಿಲ್ಲ.

ಮಾಸ್ತರು: ಅದೇ ನಾನು ಹೇಳೋದು. ಗಿಡ ಇದ್ದದ್ದು ನಿಜ. ಜಾಗ ಯಾರದ್ದು, ಅವರನ್ನ ಕೇಳಿದ್ರಾ ಅನ್ನೋದಕ್ಕೆ ಆ ಪುಟದಲ್ಲಿ ಕಾಲಂ ಇಲ್ಲ. ಹೊಸದಾಗಿ ನೀಲಗಿರಿ ನೆಡಬಾರದು ಅಂತ ನಮ್ಮ ಸರ್ಕಾರ ಹೇಳಿದ್ದು 2017ರಲ್ಲಿ. ಕುಸನೂರಿನ ರೈತರು ಹೇಳಿ ಮೂವತ್ತು ವರ್ಷ ಆಗಿತ್ತು.

ಶಿಷ್ಯೆ: ಹಾಗಂತ ಊರಿಗೆ ಹೋಗಿ ಕೇಳಿ ಮಾಡಿದ ಕೆಲಸವೆಲ್ಲ ನಿಲ್ತದೆ ಅಂತಲೂ ಇಲ್ಲ. ನಿಮ್ಮೂರ ನೀರಿನ ಘಟಕ ಏನಾಯ್ತು?

ಮಾಸ್ತರು: ಅದು ಬೇಸರದ ಕಥೆ. ಬಸ್ ಸ್ಟ್ಯಾಂಡಿನ ಹತ್ತಿರ ಕಂಪನಿಯೊಂದು ಕಟ್ಟಿಸಿದ್ದು. ನಾಲ್ಕು ಕಡೆ ನೀಲಿ ಶೀಟು, ಒಳಗೆ ಸ್ಟೀಲ್ ಟ್ಯಾಂಕು, ಉದ್ದುದ್ದ ಬಿಳಿ ಕೊಳವೆ, ಗೋಡೆಗೆ ಕಾಯಿನ್ ಪೆಟ್ಟಿಗೆ. ಐದು ರೂಪಾಯಿ ಹಾಕಿದರೆ 20 ಲೀಟರಿನ ಕ್ಯಾನು ತುಂಬ್ತಿತ್ತು. ನಮ್ಮದು ಗಡಸು ನೀರು, ಬೇಳೆ ಬೇಯೋದಿಲ್ಲ. ಜನ ಬೆಳಿಗ್ಗೆ ಐದಕ್ಕೇ ಕ್ಯಾನು ಸಾಲಿಗೆ ಇಡ್ತಿದ್ದರು. ಒಂದು ವರ್ಷ ಚೆನ್ನಾಗಿ ನಡೀತು. ಆಮೇಲೆ ಒಳಗಿನ ಮೆಂಬ್ರೇನಿಗೆ ಸುಣ್ಣದಂಥದ್ದು ಕಟ್ಟಿಕೊಂಡು ಧಾರೆ ಸಣ್ಣಗಾಗ್ತಾ ಬಂತು. ಕ್ಯಾನು ತುಂಬೋದಕ್ಕೆ ಅರ್ಧ ಗಂಟೆ. ಹಿಂದಿನ ಪೈಪಿನಲ್ಲಿ ಮಾತ್ರ ಬೇಡದ ಉಪ್ಪು ನೀರು ಚರಂಡಿಗೆ ಹರೀತಾನೇ ಇತ್ತು. ಶುದ್ಧ ಆದ ನೀರಿಗಿಂತ ಅದೇ ಹೆಚ್ಚು. ಕಂಪನಿಗೆ ಫೋನು ಮಾಡಿದರೆ, ಪಂಚಾಯ್ತಿಗೆ ವಹಿಸಿಕೊಟ್ಟಾಗಿದೆ ಅಂದರು. ಪಿಡಿಒ ಅವರನ್ನ ಕೇಳಿದರೆ, ಮೆಂಬ್ರೇನಿಗೆ ಅನುದಾನ ಇಲ್ಲ ಅಂದರು. ಈಗ ಬೀಗ ಬಿದ್ದಿದೆ.

ಶಿಷ್ಯೆ: ಅದು ಯಾಕೆ ಹಾಗಾಗ್ತದೆ ಅಂತ ನನಗೆ ಗೊತ್ತು, ಹೇಳ್ತೀನಿ. ವರ್ಷದ ಲೆಕ್ಕ ಮಾರ್ಚ್ 31ಕ್ಕೆ ಮುಗೀತದೆ. ಅಷ್ಟರೊಳಗೆ ಖರ್ಚಾಗದ ದುಡ್ಡನ್ನ, ನಡೀತಿರೋ ಯೋಜನೆಯದ್ದಾದರೆ 30 ದಿನದಲ್ಲಿ ಬೇರೆ ಖಾತೆಗೆ ಹಾಕಿ ಮೂರು ವರ್ಷದಲ್ಲಿ ಮುಗಿಸಬೇಕು. ಇಲ್ಲದಿದ್ದರೆ ಆರು ತಿಂಗಳಲ್ಲಿ ಸರ್ಕಾರ ಹೆಸರಿಸಿದ ನಿಧಿಗೆ ಕಟ್ಟಬೇಕು. 2021ರಿಂದ ಇದು ಬಿಗಿಯಾಗಿದೆ, ತಪ್ಪಿದರೆ ದಂಡ. ಹಾಗಾಗಿ ಬೇಗ ಕಟ್ಟಿ, ಬೇಗ ಫೋಟೋ ತೆಗೆದು, ಬೇಗ ಹಸ್ತಾಂತರಿಸೋ ಕೆಲಸವೇ ಎಲ್ಲರಿಗೂ ಬೇಕು. ಕಟ್ಟಡಕ್ಕೆ ದುಡ್ಡು ಸಿಗ್ತದೆ, ಅದನ್ನ ನೋಡಿಕೊಳ್ಳೋ ಮನುಷ್ಯನ ಸಂಬಳಕ್ಕೆ ಸಿಗೋದಿಲ್ಲ. ನಾನೀಗ ಹಟ ಹಿಡಿದು ಕೂತಿರೋದು ಅಲ್ಲೇ. ನೀರಿನ ಘಟಕ ಅಂದರೆ ಕಟ್ಟೋ ಖರ್ಚಿನ ಜೊತೆಗೆ ಐದು ವರ್ಷದ ನಿರ್ವಹಣೆ ಹಣ ಒಪ್ಪಂದದಲ್ಲೇ ಇರಬೇಕು, ಊರಿನ ಸ್ತ್ರೀಶಕ್ತಿ ಸಂಘದ ಒಬ್ಬಾಕೆಗೆ ಮೆಂಬ್ರೇನು ತೊಳೆಯೋದನ್ನ ಕಲಿಸಿರಬೇಕು. ಇಲ್ಲದಿದ್ದರೆ ಕಡತದ ಮೇಲೆ ನಾನು ಸಹಿ ಹಾಕೋದಿಲ್ಲ.

ಮಾಸ್ತರು: ಒಳ್ಳೆಯದು ಮಾಡಿದೆ. ಆ ಹಟ ಬಿಡಬೇಡ.

ಶಿಷ್ಯೆ: ಇನ್ನೊಂದು ಸಂಕಟ ಇದೆ. ಸ್ಥಳೀಯ ಪ್ರದೇಶಕ್ಕೆ ಆದ್ಯತೆ ಕೊಡಿ ಅಂತ ಕಾಯ್ದೆ ಹೇಳ್ತದೆ. ಕಾರ್ಖಾನೆ ಪಕ್ಕದ ಊರಿನ ದೃಷ್ಟಿಯಿಂದ ಅದು ನ್ಯಾಯ. ಆದರೆ ಕಂಪನಿಗಳೇ ಇಲ್ಲದ ಕಡೆ? ನೀತಿ ಆಯೋಗದ ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಯಲ್ಲಿ ನಮ್ಮ ರಾಜ್ಯದ್ದು ರಾಯಚೂರು, ಯಾದಗಿರಿ. ಅಲ್ಲಿಗೆ ದುಡ್ಡು ಹೋಗಲಿ ಅಂದರೆ ಪ್ರತಿ ಸಲವೂ ವಾದ ಮಾಡಬೇಕು. ಬೆಂಗಳೂರಿನ ಕೆರೆಗೆ ಅಂದರೆ ಅರ್ಧ ದಿನದಲ್ಲಿ ಒಪ್ಪಿಗೆ.

ಮಾಸ್ತರು: ಆ ಕೆರೆಗಳಾದರೂ ಸರಿ ಹೋದವಾ?

ಶಿಷ್ಯೆ: ಕೆಲವು ಹೋಗಿವೆ. ಸುತ್ತಲಿನ ಜನ ಬೆನ್ನು ಹತ್ತಿ ಕೂತ ಕಡೆ ನಿಜಕ್ಕೂ ಹಕ್ಕಿ ಬಂದಿವೆ. ಆದರೆ ಬಹಳ ಕಡೆ ನಡೆಯೋದು ಹೀಗೆ: ಹೂಳು ತೆಗೀತಾರೆ, ಏರಿ ಮೇಲೆ ನಡೆಯೋ ದಾರಿ ಮಾಡಿ ಬೇಲಿ ಹಾಕ್ತಾರೆ, ಕಲ್ಲು ಬೆಂಚು ಹಾಕ್ತಾರೆ. ಮೇಲಿನ ರಾಜಕಾಲುವೆಯಲ್ಲಿ ಬರೋ ಚರಂಡಿ ನೀರು ಮೊದಲಿನಂತೆಯೇ ಬರ್ತದೆ. ಕೆರೆಗೆ ನೀರು ಬರೋ ದಾರಿ, ಹೋಗೋ ಕೋಡಿ, ತೂಬು, ಇವನ್ನ ಬಿಟ್ಟು ಮಧ್ಯದ ಬಟ್ಟಲನ್ನಷ್ಟೇ ತಿದ್ದಿದರೆ ಎರಡು ಮಳೆಗಾಲ ಬರೋದಿಲ್ಲ. ಆ ರಾಜಕಾಲುವೆ ಮೇಲೆ ಯಾರ ಕ್ಯಾಂಪಸ್ಸು, ಯಾರ ಅಪಾರ್ಟ್‌ಮೆಂಟು ಕೂತಿದೆ ಅನ್ನೋದು ಸಿಎಸ್‌ಆರ್ ಸಭೆಯಲ್ಲಿ ಚರ್ಚೆಗೆ ಬರೋ ವಿಷಯ ಅಲ್ಲ.

ಮಾಸ್ತರು: ಮತ್ತೆ ಅಲ್ಲಿಗೇ ಬಂದೆ ನೋಡು. ನೀರಿನ ಮಾತಷ್ಟೇ ಅಲ್ಲ ಇದು. ಕೂಲಿ ವಿಷಯ ತಗೋ. ಗಾರ್ಮೆಂಟ್ಸ್ ಕೆಲಸಕ್ಕೆ ನಮ್ಮ ಕಡೆ ಹುಡುಗಿಯರೂ ಬೆಂಗಳೂರಿಗೆ ಹೋಗಿದಾರೆ.

ಶಿಷ್ಯೆ: 2020ರ ಏಪ್ರಿಲ್‌ನಿಂದ ಅವರಿಗೆ ಕೊಡಬೇಕಾಗಿದ್ದ ತುಟ್ಟಿಭತ್ಯೆಯ ಮಾತು ಹೇಳ್ತಿದ್ದೀರಿ. ತಿಂಗಳಿಗೆ 417 ರೂಪಾಯಿ ಚಿಲ್ಲರೆ. ಕೋವಿಡ್ ಕಾಲ, ಆರ್ಡರ್ ಇಲ್ಲ ಅಂತ ಮಾಲೀಕರು ಹೇಳಿದರು, ಸರ್ಕಾರ ಅದನ್ನ ಮುಂದಕ್ಕೆ ಹಾಕಿತು. ಆ ವರ್ಷ ಸೆಪ್ಟೆಂಬರ್‌ನಲ್ಲಿ ಹೈಕೋರ್ಟು ಕೊಡಲೇಬೇಕು ಅಂದಿತು. ಆದರೂ ಬಹಳಷ್ಟು ಕಾರ್ಖಾನೆಗಳು ಕೊಡಲಿಲ್ಲ. ಇಲ್ಲಿಂದ ಬಟ್ಟೆ ಕೊಳ್ಳೋ ವಿದೇಶಿ ಬ್ರ್ಯಾಂಡ್‌ಗಳ ಮೇಲೆ ಕಾರ್ಮಿಕ ಸಂಘಟನೆಗಳು ಒತ್ತಡ ತಂದ ಮೇಲೆ, 2022ರ ಹೊತ್ತಿಗೆ ಬಾಕಿ ಸಮೇತ ಬರೋದಕ್ಕೆ ಶುರುವಾಯ್ತು.

ಮಾಸ್ತರು: 417 ಅಂದರೆ ದಿನಕ್ಕೆ ಹದಿನಾರು ರೂಪಾಯಿ. ಅಷ್ಟನ್ನ ಹಿಡಿದಿಟ್ಟುಕೊಂಡು, ಅದೇ ಹೆಣ್ಣುಮಗಳ ಮಗ ಓದೋ ಶಾಲೆಗೆ ನೋಟ್‌ಬುಕ್ ಹಂಚಿದರೆ ಕಾಯ್ದೆಯ ಪ್ರಕಾರ ಎರಡು ರೂಪಾಯಿಯ ಲೆಕ್ಕ ಚೊಕ್ಕ. ನೋಟ್‌ಬುಕ್ಕನ್ನ ಆಕೆಯೇ ಕೊಡಿಸ್ತಿದ್ದಳಲ್ಲ, ಅವಳ ದುಡ್ಡು ಅವಳ ಕೈಗೆ ಬಂದಿದ್ದರೆ!

ಶಿಷ್ಯೆ: ಜವಾಬ್ದಾರಿ ಇರೋ ಕಂಪನಿ ಅಂದರೆ ಟಾಟಾದವರ ಉದಾಹರಣೆ ನಮ್ಮ ತರಬೇತಿಯಲ್ಲೆಲ್ಲ ಬರ್ತದೆ. ಜೆಮ್‌ಶೆಟ್‌ಜಿ ಟಾಟಾ ಕಂಡ ಕನಸಿನಿಂದ 1909ರಲ್ಲಿ ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಹುಟ್ಟಿತು, ಮೈಸೂರು ಸಂಸ್ಥಾನ 371 ಎಕರೆ ಕೊಟ್ಟಿತು ಅಂತ.

ಮಾಸ್ತರು: ದೊಡ್ಡ ಕೆಲಸವೇ. ನಾನು ಮಕ್ಕಳಿಗೆ ಹೇಳ್ತಿದ್ದದ್ದು ಮಾತ್ರ ಇನ್ನೊಂದನ್ನ. ಜಮ್‌ಶೆಡ್‌ಪುರದ ಉಕ್ಕಿನ ಕಾರ್ಖಾನೆಯಲ್ಲಿ 1912ರಲ್ಲೇ ಎಂಟು ಗಂಟೆ ಕೆಲಸ ಅಂತ ಮಾಡಿದರು. ದೇಶದ ಕಾನೂನು ಅದರ ಹತ್ತಿರ ಬರೋದಕ್ಕೆ ದಶಕಗಳೇ ಹಿಡಿದವು. ಅಲ್ಲೂ 1920ರಲ್ಲಿ, 28ರಲ್ಲಿ ದೊಡ್ಡ ಮುಷ್ಕರಗಳಾದವು. ಎಲ್ಲ ಸರಿಯಾಗಿತ್ತು ಅಂತ ಅಲ್ಲ. ಆದರೂ ಎಂಟು ಗಂಟೆ ಅನ್ನೋದು ಗೇಟಿನ ಒಳಗೆ ಮಾಡಿದ ಕೆಲಸ. ಅದಕ್ಕೆ ನನ್ನ ಲೆಕ್ಕದಲ್ಲಿ ತೂಕ ಜಾಸ್ತಿ.

ಶಿಷ್ಯೆ: ದಾಸೋಹಕ್ಕಿಂತ ಕಾಯಕ ಮೊದಲು ಅಂತೀರಿ.

ಮಾಸ್ತರು: ನಾನಲ್ಲ, ಆಯ್ದಕ್ಕಿ ಲಕ್ಕಮ್ಮ ಅಂದದ್ದು. ಕಲ್ಯಾಣದಲ್ಲಿ ಗಂಡ ಮಾರಯ್ಯ ದಿನಾ ಅಕ್ಕಿ ಆಯ್ದು ತರೋನು, ಅದರಲ್ಲೇ ದಾಸೋಹ. ಒಂದು ದಿನ ಹೆಚ್ಚು ತಂದ. ಇನ್ನೂ ನಾಲ್ಕು ಜನಕ್ಕೆ ಉಣಬಡಿಸೋಣ ಅಂತ ಆಕೆ ಹಿಗ್ಗಲಿಲ್ಲ. ಎಂದಿನದ್ದಕ್ಕಿಂತ ಹೆಚ್ಚಿದೆ, ಈ ಆಸೆ ಬೇಡ, ಹೆಚ್ಚಿನದ್ದನ್ನ ವಾಪಸ್ ಹಾಕಿ ಬಾ ಅಂದಳು. ದಾಸೋಹಕ್ಕೆ ತಂದ ಅಕ್ಕಿಯನ್ನೇ ಹೀಗೆ ಅಳೆದ ಹೆಣ್ಣುಮಗಳು ಈ ನಾಡಿನವಳು. ಎಷ್ಟು ಕೊಟ್ಟೆ ಅಂತ ಕೇಳೋ ಮೊದಲು ಎಲ್ಲಿಂದ ತಂದೆ ಅಂತ ಕೇಳೋದು ನಮಗೆ ಹೊಸದಲ್ಲ.

ಶಿಷ್ಯೆ: ಹಾಗಾದರೆ ಒಂದು ಸಮಾಧಾನದ ಸುದ್ದಿ ಹೇಳ್ತೀನಿ. ಎಲ್ಲಿಂದ ತಂದೆ ಅಂತ ಕೇಳೋ ನಮೂನೆ ಈಗ ಬಂದಿದೆ. ಷೇರುಪೇಟೆಯ ದೊಡ್ಡ 1,000 ಕಂಪನಿಗಳು 2022–23ರಿಂದ ವಾರ್ಷಿಕ ವರದಿ ಜೊತೆಗೆ ಬಿಆರ್‌ಎಸ್‌ಆರ್ ಅನ್ನೋ ವರದಿ ಕೊಡಲೇಬೇಕು. ಸೆಬಿ ಮಾಡಿದ ನಿಯಮ. ನದಿಯಿಂದ ಎಷ್ಟು ನೀರು ಎತ್ತಿದ್ರಿ, ಬೋರ್‌ವೆಲ್ಲಿನಿಂದ ಎಷ್ಟು, ಕಸ ಎಷ್ಟು, ಕಾಯಂ ಕೆಲಸಗಾರರು ಎಷ್ಟು, ಕಾಯಂ ಅಲ್ಲದವರು ಎಷ್ಟು, ಕನಿಷ್ಠ ಕೂಲಿಯಷ್ಟೇ ಪಡೆಯೋರು ಎಷ್ಟು, ಅಪಘಾತದಲ್ಲಿ ಸತ್ತವರು ಎಷ್ಟು, ಹೆಂಗಸರ ಸಂಬಳ ಎಷ್ಟು, ಎಲ್ಲ ಅದರಲ್ಲಿ ಬರೀಬೇಕು. ಷೇರುಪೇಟೆಯ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ಓದಬಹುದು.

ಮಾಸ್ತರು: ಯಾರು ಬೇಕಾದರೂ ಅಂದರೆ ಯಾರು? ನಮ್ಮೂರಿನವರು ಓದ್ತಾರಾ?

ಶಿಷ್ಯೆ: ಇಂಗ್ಲಿಷಿನಲ್ಲಿರ್ತದೆ. ಮತ್ತೆ ಅದು ಇಡೀ ಕಂಪನಿಯ ಒಟ್ಟು ಅಂಕಿ. ನಿಮ್ಮೂರಿನ ಪಕ್ಕದ ಕಾರ್ಖಾನೆ ಒಂದೇ ಎಷ್ಟು ಎತ್ತಿತು ಅಂತ ಅದರಲ್ಲಿ ಸಿಗೋದು ಕಷ್ಟ. ಷೇರುಪೇಟೆಯಲ್ಲಿ ಇಲ್ಲದ ಸಾವಿರಾರು ಕಾರ್ಖಾನೆಗಳಂತೂ ಹೊರಗೇ ಉಳಿದಿವೆ, ಬಟ್ಟೆ ಹೊಲಿಯೋ ಬಹುಪಾಲು ಘಟಕಗಳೂ ಅದರಲ್ಲಿ ಸೇರ್ತವೆ. ಆದರೆ ಕಾರ್ಖಾನೆವಾರು ಲೆಕ್ಕಕ್ಕೆ ಬೇರೆ ದಾರಿ ಇದೆ. ಮಾಲಿನ್ಯ ಮಂಡಳಿಯ ಸಮ್ಮತಿ ಪಡೆದ ಕಾರ್ಖಾನೆ ಪ್ರತಿ ವರ್ಷ ಸೆಪ್ಟೆಂಬರ್ 30ರೊಳಗೆ ಪರಿಸರ ಹೇಳಿಕೆ ಅಂತ ಮಂಡಳಿಗೆ ಕೊಡಬೇಕು, ಐದನೇ ನಮೂನೆಯಲ್ಲಿ. ಎಷ್ಟು ನೀರು ಬಳಸಿದೆ, ಎಷ್ಟು ಮಾಲಿನ್ಯ ಹೊರಗೆ ಬಿಟ್ಟಿದೆ ಅಂತ ಅದರಲ್ಲಿರ್ತದೆ. ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕಿ ಕೇಳಬಹುದು.

ಮಾಸ್ತರು: ಒಂದು ವಿಚಿತ್ರ ನೋಡು. ದೊಡ್ಡ ಕಾರ್ಖಾನೆ ಬರೋ ಮುಂಚೆ ಜಿಲ್ಲಾಧಿಕಾರಿಗಳು ಸಾರ್ವಜನಿಕ ಅಹವಾಲು ಸಭೆ ಮಾಡ್ತಾರೆ. ಪರಿಸರದ ಮೇಲೆ ಏನು ಪರಿಣಾಮ ಆಗ್ತದೆ ಅನ್ನೋದರ ಸಾರಾಂಶವನ್ನ ಆಗ ಕನ್ನಡದಲ್ಲಿ ಕೊಡಲೇಬೇಕು, 2006ರ ಅಧಿಸೂಚನೆಯಲ್ಲೇ ಇದೆ. ಆಗೋದು ಹೀಗೆ ಅಂತ ಕನ್ನಡದಲ್ಲಿ ಹೇಳಿದವರು, ಆಗಿದ್ದೇನು ಅಂತ ವರ್ಷ ವರ್ಷ ಇಂಗ್ಲಿಷಿನಲ್ಲಿ ಹೇಳ್ತಾರೆ. ಅದನ್ನ ಯಾಕೆ ಕನ್ನಡದಲ್ಲಿ ಹೇಳಬಾರದು? ನಿನ್ನ ಕಂಪನಿಯಿಂದಲೇ ಶುರು ಮಾಡಬಹುದಲ್ಲ?

ಶಿಷ್ಯೆ: ಮಾಡಬಹುದು. ಎರಡು ಹಾಳೆ ಸಾಕು. ಈ ಘಟಕ ಈ ವರ್ಷ ಎತ್ತಿದ ನೀರು, ಬಿಟ್ಟ ನೀರು, ಸಂಸ್ಕರಿಸಿದ್ದು ಎಷ್ಟು, ಗುತ್ತಿಗೆ ಕೆಲಸಗಾರರು ಎಷ್ಟು ಜನ, ಅವರಿಗೆ ಸಿಕ್ಕ ಕೂಲಿ ಎಷ್ಟು, ಪಿಎಫ್ ಕಟ್ಟಿದ್ದೆಷ್ಟು. ಅದಕ್ಕೆ ಸಿಎಸ್‌ಆರ್ ದುಡ್ಡು ಬೇಡ, ಹೊಸ ಕಾಯ್ದೆಯೂ ಬೇಡ. ನಾನು ಟಿಪ್ಪಣಿ ಬರೆದು ಆಡಳಿತ ಮಂಡಳಿಯ ಮುಂದೆ ಇಡ್ತೀನಿ. ಒಪ್ಪಿಸೋದು ಸುಲಭ ಅಲ್ಲ ಸರ್. ಊರಿನಿಂದ ಬೇಡಿಕೆ ಬಂದರೆ ನನ್ನ ಕೈ ಗಟ್ಟಿಯಾಗ್ತದೆ.

ಮಾಸ್ತರು: ಅದು ಊರಿನವರ ಪಾಲಿನ ಕೆಲಸ. ನಾನು ನಮ್ಮ ಪಂಚಾಯ್ತಿಯಲ್ಲಿ ಈ ಮಾತು ಎತ್ತುತ್ತೀನಿ. ಪಕ್ಕದಲ್ಲಿ ಕಾರ್ಖಾನೆ ಇರೋ ಎಲ್ಲ ಊರಿನವರಿಗೂ ನನ್ನ ಕೋರಿಕೆ ಇಷ್ಟೇ: ಶಾಲೆಗೆ ಬೆಂಚು ಕೊಡ್ತೀವಿ, ನೀರಿನ ಘಟಕ ಕಟ್ಟಿಸ್ತೀವಿ ಅಂತ ಕಂಪನಿಯವರು ಬಂದರೆ ಮರ್ಯಾದೆಯಿಂದ ಕೂರಿಸಿ, ಬೆಂಚು ತಗೊಳ್ಳಿ. ಅದರ ಜೊತೆಗೆ ಆ ಎರಡು ಹಾಳೆಯನ್ನೂ ಕನ್ನಡದಲ್ಲಿ ಕೇಳಿ. ಕೇಳಿದ್ದನ್ನೂ ಅವರು ಕೊಟ್ಟ ಉತ್ತರವನ್ನೂ ಗ್ರಾಮಸಭೆಯ ನಡಾವಳಿ ಪುಸ್ತಕದಲ್ಲಿ ಬರೆಸಿ, ಮುಂದಿನ ವರ್ಷ ಅದನ್ನೇ ತೆಗೆದು ಓದಿಸಿ.